ಗಿಫ್ಟ್ ಅಂದರೆ ಉಡುಗೊರೆ ಅಲ್ಲ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ಮೂರು ವಾರ ಆಯಿತು, ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷೇ ಮಾತಾಡುತ್ತಾರೆ, ಸ್ವೀಡಿಷ್ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ಜೊತೆಗೆ, ತೆರಿಗೆ ಇಲಾಖೆಯ ಫಾರ್ಮಿನಲ್ಲಿ ‘ಗಿಫ್ಟ್’ ಅಂತ ಒಂದು ಚೌಕ ಇದೆ, ನನಗೆ ಯಾರೂ ಏನೂ ಕೊಟ್ಟಿಲ್ಲ, ಖಾಲಿ ಬಿಡಲಾ ಅಂತ.

ಖಾಲಿ ಬಿಡಬೇಡಿ ಮಾರಾಯ್ರೆ. ಮುಂದಿನ ತಿಂಗಳು ಹೆಂಡತಿ ಬರುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ. ಇಲ್ಲಿ ಗಿಫ್ಟ್ ಅಂದರೆ ಮದುವೆಯಾದವರು. ಬರೆಯುವುದು ಹಾಗೆ, ಹೇಳುವಾಗ ‘ಯಿಫ್ಟ್’. ಇನ್ನೂ ಒಂದು ವಿಷಯ: ಅದೇ ಅಕ್ಷರ, ಅದೇ ಉಚ್ಚಾರ, ಇನ್ನೊಂದು ಅರ್ಥ ವಿಷ! ಮದುವೆಯಾದ ಗಂಡಸರೆಲ್ಲ ಇದರ ಮೇಲೆ ಒಂದೇ ಜೋಕ್ ಹೇಳುತ್ತಾರೆ. ನಿಮಗೂ ಈ ವಾರದಲ್ಲೇ ಯಾರಾದರೂ ಹೇಳುತ್ತಾರೆ, ಸುಮ್ನೆ ನಕ್ಕುಬಿಡಿ.

ಈ ಪದ ನನಗೆ ಮೊದಲು ಪೆಟ್ಟು ಕೊಟ್ಟಿದ್ದು ಇಲ್ಲಲ್ಲ, ಜರ್ಮನಿಯಲ್ಲಿ. ಇಲ್ಲಿಗೆ ಬರುವ ಮುಂಚೆ ಸ್ಟುಟ್‌ಗಾರ್ಟಿನಲ್ಲಿದ್ದೆ. ಅಮ್ಮ ಊರಿಂದ ಚಟ್ನಿಪುಡಿ ಕಳಿಸಿದ್ದರು. ಡಬ್ಬದ ಮೇಲೆ ಅಣ್ಣ ದಪ್ಪ ಮಾರ್ಕರಿನಲ್ಲಿ ಇಂಗ್ಲಿಷಿನಲ್ಲಿ ‘ಗಿಫ್ಟ್’ ಅಂತ ಬರೆದಿದ್ದ. ನಾನು ಮನೆಯಲ್ಲಿ ಇರಲಿಲ್ಲ, ಪಾರ್ಸೆಲ್ಲನ್ನು ಪಕ್ಕದ ಮನೆಯ ಅಜ್ಜಿ ಇಸಿದುಕೊಂಡಿದ್ದರು. ಸಂಜೆ ಹೋದರೆ ಡಬ್ಬ ಬಾಗಿಲ ಹೊರಗೆ, ಹಳೇ ಪೇಪರಿನ ಮೇಲೆ ಕೂತಿದೆ. ಒಂದು ಮೂಲೆಯಿಂದ ಕೆಂಪು ಪುಡಿ ಬೇರೆ ಸೋರಿದೆ. ಜರ್ಮನ್ನಿನಲ್ಲಿ ಗಿಫ್ಟ್ ಅಂದರೆ ವಿಷ, ಅಷ್ಟೇ. ಉಡುಗೊರೆಗೆ ಅವರು ‘ಗೆಶೆಂಕ್’ ಅನ್ನುತ್ತಾರೆ. ಅಮ್ಮ ನನಗೆ ಒಂದು ಕೆಜಿ ವಿಷ ಕಳಿಸಿಲ್ಲ ಅಂತ ಆ ಅಜ್ಜಿಗೆ ಅರ್ಥ ಮಾಡಿಸಲು, ಅವರ ಎದುರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಬೇಕಾಯಿತು.

ಆಮೇಲೆ ಹುಡುಕಿ ನೋಡಿದೆ. ಎಲ್ಲದಕ್ಕೂ ಬೇರು ಒಂದೇ, ‘ಕೊಡು’ ಅನ್ನೋ ಕ್ರಿಯೆ. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬನ್’ ಅದರ ಮಕ್ಕಳೇ. ವಿಷ ಎಲ್ಲಿಂದ ಬಂತು ಅಂದರೆ, ಗ್ರೀಕಿನಲ್ಲಿ ‘ಡೋಸಿಸ್’ ಅಂದರೆ ಕೊಡುವುದು. ವೈದ್ಯರು ಒಂದು ಸಲಕ್ಕೆ ಕೊಡುವ ಔಷಧಿಗೂ ಅದೇ ಹೆಸರು. ನಮ್ಮ ‘ಡೋಸ್’ ಅದೇ. ಜರ್ಮನ್ನರು ಅದನ್ನೇ ನೋಡಿ ತಮ್ಮ ‘ಗಿಫ್ಟ್’ ಪದವನ್ನೂ ಹಾಗೆ ಬಳಸಿದರು. ಔಷಧಿ ಹೋಗಿ ವಿಷ ಉಳಿಯಿತು. ನಮ್ಮಲ್ಲೂ ‘ಮದ್ದು’ ಅಂದರೆ ಔಷಧಿ, ಆದರೆ ‘ಊಟದಲ್ಲಿ ಮದ್ದು ಹಾಕಿದ್ದಾರೆ’ ಅಂದರೆ ಕಥೆಯೇ ಬೇರೆ, ಅಲ್ವಾ? ಹಳೇ ಅರ್ಥ ಜರ್ಮನ್ನಿನಲ್ಲಿ ಒಂದು ಕಡೆ ಮಾತ್ರ ಅಡಗಿ ಕೂತಿದೆ: ‘ಮಿಟ್‌ಗಿಫ್ಟ್’, ಹೆಣ್ಣಿನ ಜೊತೆ ಕೊಟ್ಟು ಕಳಿಸುವುದು, ಅಂದರೆ ವರದಕ್ಷಿಣೆ. ಡಚ್ಚರು ಜಾಣರು. ವಿಷಕ್ಕೆ ‘ಗಿಫ್’, ದಾನಕ್ಕೆ ‘ಗಿಫ್ಟ್’ ಅಂತ ಬೇರೆ ಮಾಡಿಕೊಂಡರು.

ಸ್ವೀಡಿಷಿನ ಮದುವೆ ಅರ್ಥವಂತೂ ಕನ್ನಡದವರಿಗೆ ಹೇಳಿಕೊಡುವುದೇ ಬೇಡ. ‘ಮಗಳನ್ನು ಹಾಸನಕ್ಕೆ ಕೊಟ್ಟಿದ್ದೇವೆ’ ಅಂತೀವಲ್ಲ, ಅದೇ. ಕೊಟ್ಟಾಯಿತು ಅಂದರೆ ಮದುವೆಯಾಯಿತು. ಹಳೇ ಇಂಗ್ಲಿಷಿನಲ್ಲೂ ಈ ಪದಕ್ಕೆ ವಧುವಿಗಾಗಿ ಕೊಡುವ ಹಣ ಅನ್ನೋ ಅರ್ಥ ಇತ್ತು, ಉಚ್ಚಾರವೂ ‘ಯಿಫ್ಟ್’ ಅನ್ನೋ ಹಾಗೇ. ಅದಕ್ಕೆ ‘ಗ’ ಬಂದಿದ್ದು ಡೆನ್ಮಾರ್ಕ್, ನಾರ್ವೆ ಕಡೆಯಿಂದ ಇಂಗ್ಲೆಂಡಿಗೆ ಹೋದ ವೈಕಿಂಗರ ಭಾಷೆಯ ಪ್ರಭಾವದಿಂದ. ಇಂಗ್ಲಿಷರಿಗೆ ‘ಗ’ ಸಿಕ್ಕ ಮೇಲೆ ಸ್ವೀಡನ್ನಿನವರು ತಾವು ‘ಯ’ ಅನ್ನಲು ಶುರು ಮಾಡಿದರು! ಡೇನರು ಮಾತ್ರ ಈಗಲೂ ‘ಗಿಫ್ಟ್’ ಅಂತಲೇ ಹೇಳುತ್ತಾರೆ.

ಇಷ್ಟೆಲ್ಲ ತಿಳಿದ ನಾನೂ ಸ್ವೀಡಿಷ್ ಕ್ಲಾಸಿನ ಮೊದಲ ವಾರ ಎದ್ದು ನಿಂತು ‘ಯಾಗ್ ಎರ್ ಯಿಫ್ಟಿಗ್’ ಅಂದೆ. ನನಗೆ ಮದುವೆಯಾಗಿದೆ ಅನ್ನಲು ಹೋಗಿದ್ದು. ನಾನು ವಿಷಕಾರಿ ಅಂದಂತಾಯಿತು. ಟೀಚರ್ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟರು, ಭುಜ ಮಾತ್ರ ಕುಣಿಯುತ್ತಿತ್ತು.

ಹಾಗಾಗಿ ಕಲಿಯಿರಿ. ಆಫೀಸಿಗೆ ಇಂಗ್ಲಿಷ್ ಸಾಕು, ಆದರೆ ಮನೆಗೆ ಬರುವ ಕಾಗದಗಳು ಜಾಸ್ತಿ ಸ್ವೀಡಿಷಿನಲ್ಲೇ ಇರುತ್ತವೆ. ವಲಸೆ ಬಂದವರಿಗೆ ಎಸ್‌ಎಫ್‌ಐ ಅಂತ ಕ್ಲಾಸಿದೆ, ಫೀಸಿಲ್ಲ. ಮಗು ಇದೆ ಅಂದಿರಲ್ಲ, ಸಿಂಕಿನ ಕೆಳಗಿನ ಬಾಟಲಿಗಳನ್ನು ಇವತ್ತೇ ಮೇಲಿಡಿ. ‘ಗಿಫ್ಟಿಗ್’ ಅಂತ ಬರೆದಿದ್ದರೆ ಅದು ವಿಷವೇ. ಅಕಸ್ಮಾತ್ ಮಗು ಏನಾದರೂ ಕುಡಿದರೆ 112ಕ್ಕೆ ಫೋನ್ ಮಾಡಿ ‘ಗಿಫ್ಟ್‌ಇನ್ಫರ್ಮೇಷನ್’ ಬೇಕು ಅನ್ನಿ, ವಿಷದ ವಿಚಾರ ಗೊತ್ತಿರುವವರಿಗೆ ಲೈನ್ ಕೊಡುತ್ತಾರೆ.

ಫಾರ್ಮಿನ ಜೊತೆ ಮದುವೆ ಸರ್ಟಿಫಿಕೇಟ್ ಬೇಕಾಗುತ್ತದೆ. ನಿಮ್ಮದು ಬರೀ ಕನ್ನಡದಲ್ಲಿದ್ದರೆ, ಹೆಂಡತಿ ಅಲ್ಲಿಂದ ಹೊರಡುವ ಮುಂಚೆಯೇ ಇಂಗ್ಲಿಷಿಗೆ ಮಾಡಿಸಿ ತರಲು ಹೇಳಿ. ಚಟ್ನಿಪುಡಿ ತರುವುದಾದರೆ ಡಬ್ಬದ ಮೇಲೆ ಏನೂ ಬರೆಯುವುದು ಬೇಡ.