ಯುಕೆಯಲ್ಲಿ ಗಂಡ ಹೆಂಡತಿ ಮೂರು ಬ್ಯಾಂಕ್ ಅಕೌಂಟ್ ಇಟ್ಟುಕೊಂಡರೆ ತಿಂಗಳ ರಿವಾರ್ಡ್ ಮೂರು ಸಲ ಬರುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನೀವಿಬ್ಬರೂ ಇಂಗ್ಲೆಂಡಿಗೆ ಹೊಸಬರು. ಸಂಬಳ ನಿಮ್ಮದೊಂದೇ, ನಿಮ್ಮ ಹೆಂಡತಿ ಡಿಪೆಂಡೆಂಟ್ ವೀಸಾದಲ್ಲಿದ್ದಾರೆ. ನಿಮಗೊಂದು, ಅವರಿಗೊಂದು, ಜಾಯಿಂಟ್ ಒಂದು ಅಂತ ಮೂರು ಕರೆಂಟ್ ಅಕೌಂಟ್ (ಇಲ್ಲಿ ದಿನಬಳಕೆಯ ಅಕೌಂಟಿಗೆ ಹೀಗೆನ್ನುತ್ತಾರೆ) ತೆರೆದರೆ ಬ್ಯಾಂಕಿನವರು ಕೊಡುವ ತಿಂಗಳ ರಿವಾರ್ಡ್ ಮೂರು ಕಡೆಯಿಂದ ಬರುತ್ತದಾ, ಒಂದೇ ಸಂಬಳದಲ್ಲಿ ಇದು ಆಗುವ ಮಾತಾ ಅಂತ ಕೇಳಿದ್ದೀರಿ.

ಆಗುತ್ತದೆ. ನಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿದೆ. ಆದರೆ ಎಲ್ಲ ಬ್ಯಾಂಕಿನಲ್ಲೂ ಮೂರು ಮಾಡಿದರೆ ಲಾಭ ಅಲ್ಲ, ಕೆಲವು ಕಡೆ ಕೈಯಿಂದ ಹೋಗುತ್ತದೆ. ಮೊದಲು ನೋಡಬೇಕಾದ್ದು ರಿವಾರ್ಡ್ ಯಾವ ಥರದ್ದು ಅಂತ.

ಒಂದು, ಅಕೌಂಟಿಗೆ ಇಷ್ಟು ಅಂತ ಕೊಡುವುದು. ನ್ಯಾಟ್‌ವೆಸ್ಟ್‌ನ ರಿವಾರ್ಡ್ ಅಕೌಂಟ್ ತಗೊಳ್ಳಿ. ತಿಂಗಳಿಗೆ ಕನಿಷ್ಠ 1,250 ಪೌಂಡ್ ಅಕೌಂಟಿಗೆ ಬರಬೇಕು, ಕನಿಷ್ಠ 2 ಪೌಂಡಿನ ಎರಡು ಡೈರೆಕ್ಟ್ ಡೆಬಿಟ್ (ಬಿಲ್ ಕಂಪನಿಯೇ ನಿಮ್ಮ ಅಕೌಂಟಿನಿಂದ ಎಳೆದುಕೊಳ್ಳುವ ದುಡ್ಡು) ಹೋಗಬೇಕು. ಅದಕ್ಕೆ 4 ಪೌಂಡ್. ಆ ತಿಂಗಳು ಮೊಬೈಲ್ ಆ್ಯಪ್‌ಗೆ ಒಮ್ಮೆ ಲಾಗಿನ್ ಆದರೆ ಇನ್ನೊಂದು ಪೌಂಡ್. ಫೀ 2 ಪೌಂಡ್ ಕಳೆದರೆ ಕೈಗೆ 3, ವರ್ಷಕ್ಕೆ 36. ನಿಮ್ಮ ಬಿಲ್ 40 ಪೌಂಡ್ ಇರಲಿ, 400 ಇರಲಿ, ಸಿಗುವುದು ಅಷ್ಟೇ. ಇಂಥ ಕಡೆ ಗಂಡನಿಗೊಂದು ಹೆಂಡತಿಗೊಂದು ಮಾಡಿದರೆ ನಿಜವಾಗಿಯೂ ಎರಡು ಪಟ್ಟು.

ಇನ್ನೊಂದು, ಖರ್ಚಿನ ಮೇಲೆ ಶೇಕಡಾವಾರು ಕೊಡುವುದು. ಸ್ಯಾಂಟ್ಯಾಂಡರ್ 2022ರಲ್ಲಿ ಎಡ್ಜ್ ಅಂತ ಒಂದು ಅಕೌಂಟ್ ತಂದಿತು. ಫೀ ತಿಂಗಳಿಗೆ 3 ಪೌಂಡ್. ಮನೆ ಬಿಲ್‌ಗಳ ಮೇಲೆ 1% ವಾಪಸ್, ಸೂಪರ್‌ಮಾರ್ಕೆಟ್ ಮತ್ತು ಓಡಾಟದ ಮೇಲೆ 1% ವಾಪಸ್, ಎರಡಕ್ಕೂ ತಲಾ 10 ಪೌಂಡ್ ಮಿತಿ. ಈಗ ಲೆಕ್ಕ ಹಾಕಿ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ), ಗ್ಯಾಸು, ಕರೆಂಟು, ನೀರು, ಬ್ರಾಡ್‌ಬ್ಯಾಂಡ್ ಎಲ್ಲ ಸೇರಿ 420 ಪೌಂಡ್ ಅಂತಿಟ್ಟುಕೊಳ್ಳಿ, ದಿನಸಿ ಮತ್ತು ಬಸ್ಸು ರೈಲಿಗೆ 380. ಬರುವುದು 8 ಪೌಂಡ್, ಫೀ ಕಳೆದು 5. ಅದೇ ಬಿಲ್‌ಗಳನ್ನು ಇಬ್ಬರೂ ಹಂಚಿಕೊಂಡು ಎರಡು ಎಡ್ಜ್ ಅಕೌಂಟ್ ಮಾಡಿದರೆ ಬರುವುದು ಆಗಲೂ ಅದೇ 8. ಫೀ ಮಾತ್ರ 6. ಉಳಿಯುವುದು 2. ಮಿತಿ ದಾಟುವಷ್ಟು ಖರ್ಚು ಇಲ್ಲದ ಮನೆಗೆ ಎರಡನೇ ಅಕೌಂಟ್ ದಂಡ.

ಹಾಗಾಗಿ ನನ್ನ ಸಲಹೆ ಇದು. ಶೇಕಡಾವಾರು ಕೊಡುವುದನ್ನು ಜಾಯಿಂಟ್ ಮಾಡಿ, ಮನೆ ಬಿಲ್ ಪೂರ್ತಿ ಅಲ್ಲೇ ಬೀಳಲಿ. ಅಕೌಂಟಿಗೆ ಇಷ್ಟು ಅಂತ ಕೊಡುವುದನ್ನು ಇಬ್ಬರ ಹೆಸರಲ್ಲೂ ಬೇರೆ ಬೇರೆ ತೆರೆಯಿರಿ.

ಇಲ್ಲಿ ಹಳಬರ ಹತ್ತಿರ ಮಾತಾಡಿದರೆ ಸ್ಯಾಂಟ್ಯಾಂಡರ್‌ನ 123 ಅಕೌಂಟ್ ಕಥೆ ಹೇಳುತ್ತಾರೆ. ಅದು ಬಂದಿದ್ದು 2012ರಲ್ಲಿ. 20,000 ಪೌಂಡ್‌ವರೆಗೆ 3% ಬಡ್ಡಿ. ಗಂಡ ಒಂದು, ಹೆಂಡತಿ ಒಂದು, ಜಾಯಿಂಟ್ ಒಂದು ತೆರೆದು 60,000ಕ್ಕೆ 3% ತಗೊಂಡವರಿದ್ದಾರೆ. 2016ರ ಜನವರಿಯಲ್ಲಿ ಫೀ 2ರಿಂದ 5 ಪೌಂಡಿಗೆ ಏರಿತು, ನವೆಂಬರ್‌ನಲ್ಲಿ ಬಡ್ಡಿ 1.5%ಗೆ ಇಳಿಯಿತು. ಷರತ್ತು ಯಾವಾಗ ಬೇಕಾದರೂ ಬದಲಾಗುತ್ತದೆ ಅನ್ನುವುದಕ್ಕೆ ಹೇಳಿದೆ. ಮೇಲೆ ಬರೆದ ಅಂಕಿಗಳನ್ನೂ ತೆರೆಯುವ ದಿನ ಬ್ಯಾಂಕಿನ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಒಂದೇ ಸಂಬಳದ ವಿಷಯ. ಇದೇ ನಿಮ್ಮ ನಿಜವಾದ ಚಿಂತೆ ಅನ್ನಿಸುತ್ತೆ. 1,250 ಅಕೌಂಟಿಗೆ ಬರಬೇಕು ಅಂದರೆ ಅದು ಸಂಬಳವೇ ಆಗಿರಬೇಕು ಅಂತಿಲ್ಲ, ಅಲ್ಲೇ ಕೂತಿರಬೇಕು ಅಂತಲೂ ಇಲ್ಲ. ಬಂದು ಹೋದರೆ ಸಾಕು. ಸಂಬಳ 28ಕ್ಕೆ ನಿಮ್ಮ ಅಕೌಂಟಿಗೆ ಬಂತು ಅನ್ನಿ. 3ನೇ ತಾರೀಕು 1,300 ಪೌಂಡ್ ಹೆಂಡತಿ ಅಕೌಂಟಿಗೆ ಹೋಗುವ ಹಾಗೆ ಒಂದು ಸ್ಟ್ಯಾಂಡಿಂಗ್ ಆರ್ಡರ್ (ಹೇಳಿದ ದಿನ ಪ್ರತಿ ತಿಂಗಳು ತಾನಾಗಿ ಹೋಗುವ ಪಾವತಿ) ಹಾಕಿ. ಅಲ್ಲಿಂದ 6ಕ್ಕೆ ಅವರ ಖರ್ಚಿನ ದುಡ್ಡು ಬಿಟ್ಟು ಉಳಿದದ್ದು ಜಾಯಿಂಟಿಗೆ. ಜಾಯಿಂಟಿನಿಂದ ಬಾಡಿಗೆ, ಬಿಲ್ ಎಲ್ಲ 10ನೇ ತಾರೀಕಿನ ಮೇಲೆ. ಅದೇ ದುಡ್ಡು ಮೂರು ಮನೆ ಸುತ್ತುತ್ತದೆ, ಮೂರು ಕಡೆಯೂ ಷರತ್ತು ತುಂಬುತ್ತದೆ. ಒಮ್ಮೆ ಕೂತು ಹಾಕಿಬಿಟ್ಟರೆ ಆಮೇಲೆ ತಲೆಕೆಡಿಸಿಕೊಳ್ಳುವ ಹಾಗಿಲ್ಲ. ಪ್ರತಿ ತಿಂಗಳು ಕೈಯಾರೆ ಮಾಡಬೇಕು ಅನ್ನುವ ಹಾಗಿದ್ದರೆ ಬೇಡವೇ ಬೇಡ, 3 ಪೌಂಡಿಗೆ ಯಾರು ಆ ಕಷ್ಟ ಪಡುತ್ತಾರೆ?

ಒಂದು ಕೊಕ್ಕೆ ಇದೆ. ಸ್ಯಾಂಟ್ಯಾಂಡರ್‌ನಂಥ ಕಡೆ ಅದೇ ಬ್ಯಾಂಕಿನ ನಿಮ್ಮ ಇನ್ನೊಂದು ಅಕೌಂಟಿನಿಂದ ಬಂದ ದುಡ್ಡು ಲೆಕ್ಕಕ್ಕೆ ಇಲ್ಲ. ಜಾಯಿಂಟ್ ಒಂದು ಬ್ಯಾಂಕಿನಲ್ಲಿ, ಸ್ವಂತದ್ದು ಇನ್ನೊಂದರಲ್ಲಿ ಇದ್ದರೆ ಈ ತಕರಾರು ಬರುವುದಿಲ್ಲ.

ಡೈರೆಕ್ಟ್ ಡೆಬಿಟ್ ಕಡೆಗೆ ಇನ್ನೂ ಜಾಸ್ತಿ ಗಮನ ಬೇಕು. ಹೊಸಬರು ಎಡವುವುದು ಇಲ್ಲೇ. ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿಯವರೆಗೆ 10 ಕಂತು. ಫೆಬ್ರವರಿ, ಮಾರ್ಚ್‌ನಲ್ಲಿ ಕಂತು ಇಲ್ಲ. ಆ ಅಕೌಂಟಿನಲ್ಲಿ ಇರುವುದೇ ಎರಡು ಡೈರೆಕ್ಟ್ ಡೆಬಿಟ್, ಅದರಲ್ಲಿ ಒಂದು ಕೌನ್ಸಿಲ್ ಟ್ಯಾಕ್ಸ್ ಆದರೆ ಆ ಎರಡು ತಿಂಗಳು ರಿವಾರ್ಡ್ ಇಲ್ಲ, ಫೀ ಮಾತ್ರ ಹೋಗುತ್ತದೆ. ಕೌನ್ಸಿಲ್‌ಗೆ ಹೇಳಿದರೆ 12 ಕಂತು ಮಾಡಿಕೊಡುತ್ತಾರೆ, ಕೇಳುವ ಹಕ್ಕಿದೆ. ತಾರೀಕಿನದ್ದೂ ಹೀಗೇ. 30ಕ್ಕೋ 31ಕ್ಕೋ ಇರುವ ಡೈರೆಕ್ಟ್ ಡೆಬಿಟ್ ಶನಿವಾರ ಬಿದ್ದರೆ ಮುಂದಿನ ವರ್ಕಿಂಗ್ ಡೇಗೆ ಹೋಗುತ್ತದೆ. ಅಂದರೆ ಮುಂದಿನ ತಿಂಗಳಿಗೆ. ಈ ತಿಂಗಳು ಒಂದು ಕಮ್ಮಿ, ಮುಂದಿನ ತಿಂಗಳು ಸುಮ್ನೆ ಒಂದು ಜಾಸ್ತಿ. ಎಲ್ಲವನ್ನೂ 10ರಿಂದ 20ರ ಒಳಗೆ ಇಟ್ಟುಕೊಳ್ಳಿ. ಹೆಂಡತಿ ಅಕೌಂಟಿಗೆ ಎರಡು ಡೈರೆಕ್ಟ್ ಡೆಬಿಟ್ ಎಲ್ಲಿಂದ ತರುವುದು ಅಂದರೆ, ಅವರ ಮೊಬೈಲ್ ಬಿಲ್ ಒಂದು, ಚಾರಿಟಿಗೆ 2 ಪೌಂಡ್ ಒಂದು. ಹಾಗೆ ಕೊಡುವವರು ಇಲ್ಲಿ ಬೇಕಾದಷ್ಟು ಜನ.

ನನ್ನನ್ನು ಕೇಳಿದರೆ ಈ 3 ಪೌಂಡಿಗಿಂತ ನಿಮ್ಮ ಹೆಂಡತಿ ಹೆಸರಲ್ಲಿ ಒಂದು ಅಕೌಂಟ್ ಆಗುವುದೇ ದೊಡ್ಡದು. ನಾನೂ ಡಿಪೆಂಡೆಂಟ್ ಆಗಿ ಬಂದವಳೇ. ನಮ್ಮ ಅಮ್ಮಂದಿರಿಗೆ ಸಾಸಿವೆ ಡಬ್ಬಿ ಇತ್ತು, ಇಲ್ಲಿ ಅದು ಇದು. ಜಾಯಿಂಟ್ ಇದ್ದರೆ ಸಾಲದಾ ಅಂತ ನಮ್ಮ ಮನೆಯವರೂ ಕೇಳಿದ್ದರು. ಸಾಲದು. ಜಾಯಿಂಟ್ ಇಲ್ಲಿ ಸಾಮಾನ್ಯವಾಗಿ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂಥದ್ದು, ಊರಿನ ಐದರ್ ಆರ್ ಸರ್ವೈವರ್ ಥರ. ಓವರ್‌ಡ್ರಾಫ್ಟ್‌ಗೆ (ಇರುವುದಕ್ಕಿಂತ ಜಾಸ್ತಿ ತೆಗೆದು ಸಾಲಕ್ಕೆ) ಒಬ್ಬರು ಇಳಿಸಿದರೆ ಬ್ಯಾಂಕ್ ಇನ್ನೊಬ್ಬರಿಂದ ಪೂರ್ತಿ ದುಡ್ಡು ಕೇಳಬಹುದು, ಅರ್ಧ ಅಲ್ಲ. ಮದುವೆ ಆಗಿದ್ದಕ್ಕೆ ಇಬ್ಬರ ಕ್ರೆಡಿಟ್ ಫೈಲ್ (ಸಾಲದ ಚರಿತ್ರೆಯ ದಾಖಲೆ) ಒಂದಾಗುವುದಿಲ್ಲ, ಆದರೆ ಜಾಯಿಂಟ್ ಅಕೌಂಟ್ ತೆರೆದರೆ ಆ ದಾಖಲೆ ಇಡುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್‌ನಂಥ ಕಡೆ ಇಬ್ಬರ ಹೆಸರೂ ಗಂಟು ಬೀಳುತ್ತದೆ. ಅದಕ್ಕೇ ಜಾಯಿಂಟಿನಲ್ಲಿ ಓವರ್‌ಡ್ರಾಫ್ಟ್ ಬೇಡ ಅಂತಲೇ ಹೇಳಿ.

ಅಕೌಂಟ್ ತೆರೆಯಲು ಹೋದರೆ ಹೆಂಡತಿ ಹೆಸರಲ್ಲಿ ವಿಳಾಸದ ದಾಖಲೆ ಕೇಳುತ್ತಾರೆ, ಬಿಲ್ ಎಲ್ಲ ನಿಮ್ಮ ಹೆಸರಲ್ಲಿರುತ್ತದೆ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿಗೆ ಇಬ್ಬರ ಹೆಸರೂ ಹಾಕಿಸಿ. ಮತದಾರರ ಪಟ್ಟಿಗೂ ಇಬ್ಬರೂ ಸೇರಿ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ವೀಸಾದ ಮೇಲೆ ಇರುವ ನಮಗೆ ವೋಟು ಇದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಚೆಕ್ ಸಲೀಸು.

ಉಳಿತಾಯದ ದುಡ್ಡಿಗೆ ಬೇರೆ ಲೆಕ್ಕ. ಬಡ್ಡಿಗೆ ತೆರಿಗೆ ಇಲ್ಲಿ ತಲೆಗೆ ಇಷ್ಟು. 20% ತೆರಿಗೆ ಕಟ್ಟುವವರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿ ಮಾಫಿ, 40% ಕಟ್ಟುವವರಿಗೆ 500. ಆದಾಯವೇ ಇಲ್ಲದವರಿಗೆ 12,570ರ ಪರ್ಸನಲ್ ಅಲೊವನ್ಸ್ (ಎಲ್ಲರಿಗೂ ಇರುವ ತೆರಿಗೆ ಇಲ್ಲದ ಮಿತಿ), ಅದರ ಮೇಲೆ ಕಮ್ಮಿ ಆದಾಯದವರ ಬಡ್ಡಿಗೆ ಇರುವ 5,000, ಅದರ ಮೇಲೆ ಈಗ ಹೇಳಿದ 1,000. ಒಟ್ಟು 18,570 ಪೌಂಡ್ ಬಡ್ಡಿವರೆಗೆ ತೆರಿಗೆ ಇಲ್ಲ. ಜಾಯಿಂಟಿನ ಬಡ್ಡಿಯನ್ನು ಅರ್ಧರ್ಧ ಅಂತ ಹಿಡಿಯುತ್ತಾರೆ. ಹಾಗಾಗಿ ಸೇವಿಂಗ್ಸ್ ದುಡ್ಡು ಹೆಂಡತಿಯ ಸ್ವಂತ ಅಕೌಂಟಿನಲ್ಲಿ ಇರುವುದೇ ಜಾಣತನ. ಇದರಲ್ಲಿ ಉಳಿಯುವುದು ರಿವಾರ್ಡಿಗಿಂತ ಎಷ್ಟೋ ಜಾಸ್ತಿ ಆಗಬಹುದು. ದುಡ್ಡಿನ ಭದ್ರತೆಯೂ ತಲೆಗೆ ಲೆಕ್ಕ: ಬ್ಯಾಂಕ್ ಮುಳುಗಿದರೆ 2025ರ ಡಿಸೆಂಬರ್ 1ರಿಂದ ಒಬ್ಬರಿಗೆ 1,20,000 ಪೌಂಡ್‌ವರೆಗೆ ವಾಪಸ್ ಸಿಗುತ್ತದೆ, ಮುಂಚೆ 85,000 ಇತ್ತು.

ತೆರೆಯುವ ಕ್ರಮದ ಬಗ್ಗೆ ಒಂದು ಮಾತು. ಬ್ಯಾಂಕ್ ಬದಲಾಯಿಸುವವರಿಗೆ ಆಗಾಗ 100, 150, 200 ಪೌಂಡ್ ಕೊಡುತ್ತಾರೆ. 2013ರಿಂದ ಇರುವ ಸ್ವಿಚ್ ಸರ್ವಿಸ್‌ನಲ್ಲಿ 7 ವರ್ಕಿಂಗ್ ಡೇಸ್‌ನಲ್ಲಿ ಡೈರೆಕ್ಟ್ ಡೆಬಿಟ್ ಎಲ್ಲ ಹೊಸ ಅಕೌಂಟಿಗೆ ಬರುತ್ತದೆ. ಹಾಗಾಗಿ ರಿವಾರ್ಡ್ ಅಕೌಂಟನ್ನು ಸುಮ್ನೆ ತೆರೆಯುವ ಬದಲು ಅಂಥ ಆಫರ್ ಇದ್ದಾಗ ಸ್ವಿಚ್ ಮಾಡಿಕೊಂಡು ಹೋಗಿ. ಇಬ್ಬರೂ ಬೇರೆ ಬೇರೆ ಮಾಡಬಹುದು. ಆದರೆ ಮನೆ ಕೊಳ್ಳುವ ಯೋಚನೆ ಇದ್ದರೆ, ಮಾರ್ಟ್‌ಗೇಜ್‌ಗೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳು ಹೊಸ ಅಕೌಂಟ್ ಯಾವುದೂ ಬೇಡ. ಪ್ರತಿ ಅರ್ಜಿಗೂ ಕ್ರೆಡಿಟ್ ಫೈಲಿನಲ್ಲಿ ಒಂದು ಗುರುತು ಬೀಳಬಹುದು, ಅದನ್ನು ಮಾರ್ಟ್‌ಗೇಜ್ ಕೊಡುವವರು ನೋಡುತ್ತಾರೆ.