14 ಟನ್ ಕ್ರೇನ್ 14 ಟನ್ ಎತ್ತುತ್ತಾ?

ಪ್ರಶ್ನೆ: ಹಿತ್ತಲಿನ ಗುಲ್‌ಮೊಹರ್ ಬುಡ ಟೊಳ್ಳಾಗಿದೆ, ಹತ್ತಲು ಯಾರೂ ಒಪ್ಪುತ್ತಿಲ್ಲ. ವಿದೇಶದ ವಿಡಿಯೊಗಳಲ್ಲಿ ಕ್ರೇನ್ ತುದಿಯ ಇಕ್ಕಳವೇ ಕೊಂಬೆ ಹಿಡಿದು, ಕೊಯ್ದು, ಕೆಳಗಿಡುತ್ತದೆ. ಅಂಥದ್ದನ್ನು ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಿ 14 ಟನ್ ಹೈಡ್ರಾ ಕ್ರೇನಿಗೆ ನೇತುಹಾಕಬಹುದಾ? ಇಡೀ ಮರವೇ 5 ಟನ್ ದಾಟಲ್ಲ.

ಬೇಡ. ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ.

ಆ 14 ಟನ್ ಎನ್ನುವುದು ಹೊರೆ ಕ್ರೇನಿನ ಮೂತಿಗೇ ಅಂಟಿಕೊಂಡಿರುವಾಗಿನ ಮಾತು. ದೂರ ಎರಡು ಪಟ್ಟಾದರೆ ತಾಕತ್ತು ಅರ್ಧಕ್ಕೂ ಕೆಳಗೆ. ರಸ್ತೆಯಲ್ಲಿ ನಿಂತು ಹಿತ್ತಲಿಗೆ ಬೂಮ್ (ಕ್ರೇನಿನ ತೋಳು) ಚಾಚುವ ಹೊತ್ತಿಗೆ ಎಷ್ಟು ಉಳಿದೀತು? ಎಷ್ಟು ದೂರಕ್ಕೆ ಎಷ್ಟು ತೂಕ ಎತ್ತಬಹುದು ಅಂತ ಹೇಳುವ ಲೋಡ್ ಚಾರ್ಟ್ ಓದಿಸಿ. ಅದರಲ್ಲಿ ಇಕ್ಕಳ, ಗರಗಸದ ತೂಕ ಕಳೆಯಿರಿ. ಅದೇ ನೂರಾರು ಕಿಲೊ. ಇನ್ನು ದಿಮ್ಮಿ: ಅಡ್ಡಳತೆ 2 ಅಡಿ (ಸುತ್ತಳತೆ ಅಲ್ಲ), ಉದ್ದ 15 ಅಡಿ. ಹಸಿ ಮರಕ್ಕೆ ನೀರಿನಷ್ಟೇ ತೂಕ ಹಿಡಿದರೂ 1.3 ಟನ್.

ಇಂಥದ್ದೇ ಒಂದು ಕೆಲಸದಲ್ಲಿ ಹೈಡ್ರಾದ ಹಿಂದಿನ ಗಾಲಿ ಎದ್ದು, ಅಡಿಯಲ್ಲಿ ಚಪ್ಪಲಿ ತೂರುವಷ್ಟು ಸಂದಿ ಬಿದ್ದಿದ್ದನ್ನು ನೋಡಿದ್ದೇನೆ. ಆಪರೇಟರ್ ನಗುತ್ತಾ, 'ಹಿಂದೆ ಇಬ್ಬರು ಹತ್ತಿ ನಿಂತ್ಕೊಳ್ಳಿ, ಸರಿಹೋಗುತ್ತೆ' ಅಂದ. ಅವತ್ತಿನಿಂದ ಚಾರ್ಟ್ ಹೇಳಿದ್ದರ ಅರ್ಧಕ್ಕಿಂತ ಜಾಸ್ತಿ ನಾನು ಎತ್ತಿಸುವುದಿಲ್ಲ. ಪುಕ್ಕಲುತನ ಅಂತೀರಾ? ಅನ್ನಿ.

ವಿಡಿಯೊದಲ್ಲಿ ಇರುವುದು ಸಾಮಾನ್ಯವಾಗಿ ಲಾರಿ ಮೇಲಿನ, ಮಡಚುವ ತೋಳಿನ ಕ್ರೇನ್. ಇಕ್ಕಳ ತೋಳಿನ ತುದಿಗೇ ಕೂತಿರುತ್ತದೆ, ಹೈಡ್ರಾಲಿಕ್ ಪೈಪ್ ಅಲ್ಲಿವರೆಗೂ ಹೋಗಿರುತ್ತದೆ. ಮೊದಲು ಹಿಡಿತ, ಆಮೇಲೆ ಕೊಯ್ತ. ಹಾಗಾಗಿ ತುಂಡಾದ ಕೊಂಬೆ ಜಾಸ್ತಿ ಓಲಾಡುವುದಿಲ್ಲ. ಹೈಡ್ರಾದಲ್ಲಿ ಎಲ್ಲವೂ ಕೊಕ್ಕೆಯಿಂದ ಜೋತಾಡುತ್ತದೆ. ಕೊಯ್ದ ಕ್ಷಣವೇ ಕೊಂಬೆ ಭಾರ ಇದ್ದ ಕಡೆ ವಾಲಿ ಬೀಸುತ್ತದೆ. ಅಲ್ಲಿ ನಿಮ್ಮ ಅಡುಗೆಮನೆ ಗೋಡೆ ಇರುತ್ತದೆ. ವೆಲ್ಡಿಂಗ್ ಶಾಪಿನ ಇಕ್ಕಳದ ಬಗ್ಗೆ ಕೇಳಲೇಬೇಡಿ. ಗೇಟ್ ಮಾಡಿಸಿ ಅಲ್ಲಿ.

ಸರಿಯಾದ ಯಂತ್ರ ಸಿಗದಿದ್ದರೆ ಬಕೆಟ್ ಲಿಫ್ಟ್ (ಆಳು ನಿಂತು ಕೆಲಸ ಮಾಡುವ ಬುಟ್ಟಿಯನ್ನು ಮೇಲಕ್ಕೆತ್ತುವ ಯಂತ್ರ) ತರಿಸಿ. ಮರಕ್ಕೆ ಯಾರೂ ಹತ್ತದೆ, ತುದಿಯಿಂದ ಸಣ್ಣ ಸಣ್ಣ ತುಂಡು ಕೊಯ್ಯುತ್ತಾ ಬರಲಿ. ಎರಡು ದಿನ ಹಿಡಿಯಬಹುದು, ಹಿಡಿಯಲಿ.

ಪ್ರಶ್ನೆ: ಟೈರ್ ರಬ್ಬರಿನದು, ಬೂಮ್ ಕರೆಂಟ್ ಲೈನಿಗೆ ತಾಗಿದರೂ ಶಾಕ್ ಹೊಡೆಯಲ್ಲ ಅಂತಾರೆ. ನಿಜಾನಾ?

ಶುದ್ಧ ಸುಳ್ಳು. ಲೈನ್ ಆಫ್ ಮಾಡಿಸದೆ ಕ್ರೇನ್ ಒಳಗೆ ಬಿಡಬೇಡಿ.

ಪ್ರಶ್ನೆ: ಬೆಲ್ಟ್ ಕಟ್ಟಿ ಬೇರು ಸಮೇತ ಎಳೆದು ಕೀಳಬಹುದಾ?

ಕ್ರೇನ್ ಇರುವುದು ಎತ್ತಲಿಕ್ಕೆ, ಕೀಳಲಿಕ್ಕಲ್ಲ.

ಪ್ರಶ್ನೆ: ನಮ್ಮ ಸೈಟ್, ನಮ್ಮ ಮರ. ಅನುಮತಿ ಯಾಕೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ಸಿಲ್ವರ್ ಓಕ್‌ನಂಥ ಕೆಲವು ಬಿಟ್ಟರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಗುಲ್‌ಮೊಹರ್‌ಗೂ.