ಎಲ್ಲ ಇದ್ದೂ ‘ಇದೆಲ್ಲ ಯಾರಿಗಾಗಿ?’ ಅನ್ನಿಸುತ್ತದೆ

ಪ್ರಶ್ನೆ: ನನಗೆ 47 ವರ್ಷ. ಬ್ಯಾಂಕ್ ಕೆಲಸ, ಸ್ವಂತ ಮನೆ, ಸಾಲ ಇಲ್ಲ. ಕಳೆದ ವರ್ಷ ಅಪ್ಪ ತೀರಿಕೊಂಡರು. ಮಗಳು ಓದಲು ಪುಣೆಗೆ ಹೋದಳು. ಈಗ ಬೆಳಗ್ಗೆ ಎದ್ದರೆ ‘ಇದೆಲ್ಲ ಯಾರಿಗಾಗಿ?’ ಅನ್ನಿಸುತ್ತದೆ. ಅಪ್ಪನ ಬೀರು ಇನ್ನೂ ತೆಗೆದಿಲ್ಲ. ಥೈರಾಯ್ಡ್ ನಾರ್ಮಲ್, ಡಿಪ್ರೆಶನ್ ಅಲ್ಲ ಎಂದು ಮನೋವೈದ್ಯರು ಹೇಳಿದ್ದಾರೆ. ಸ್ನೇಹಿತರೊಬ್ಬರು ಎಕ್ಸಿಸ್ಟೆನ್ಶಿಯಲ್ ಸೈಕೋಥೆರಪಿಗೆ ಹೋಗಿ ಅಂದರು. ಬರೀ ತತ್ವಶಾಸ್ತ್ರದ ಮಾತಿನಿಂದ ಉಪಯೋಗ ಇದೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಇದೆ. ಎಕ್ಸಿಸ್ಟೆನ್ಶಿಯಲ್ ಸೈಕೋಥೆರಪಿ ಅಂದರೆ ಬದುಕು, ಸಾವು, ಅರ್ಥ ಇಂಥ ಮೂಲ ಪ್ರಶ್ನೆಗಳನ್ನು ಮಾತುಕತೆಯಲ್ಲಿ ಎದುರಿಸುವ ಮನೋಚಿಕಿತ್ಸೆ. ಅದು ನಿಮ್ಮ ಪ್ರಶ್ನೆಯನ್ನು ಕಾಯಿಲೆ ಅಂತ ನೋಡುವುದಿಲ್ಲ. ಇಂಥ ವರ್ಷ ಕಳೆದ ಮೇಲೆ ಯಾರಿಗಾದರೂ ಆ ಪ್ರಶ್ನೆ ಏಳುತ್ತದೆ.

ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ 1980ರಲ್ಲಿ ಈ ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಸಾವು, ಸ್ವಾತಂತ್ರ್ಯ, ಒಂಟಿತನ, ಬದುಕಿಗೆ ಅರ್ಥ ಕಾಣದಿರುವುದು, ಈ ನಾಲ್ಕು ಯಾರಿಗೂ ತಪ್ಪಿದ್ದಲ್ಲ ಅನ್ನುತ್ತಾರೆ ಅವರು. ನಿಮಗೆ ನಾಲ್ಕೂ ಒಟ್ಟಿಗೇ ಎದುರಾಗಿವೆ. ಇದರಲ್ಲಿ ಸ್ವಾತಂತ್ರ್ಯ ಎಲ್ಲಿ ಬಂತು ಅಂತೀರಾ? ಇಷ್ಟು ವರ್ಷ ಅಪ್ಪನಿಗಾಗಿ, ಮಗಳಿಗಾಗಿ ಓಡಿದಿರಿ. ಇನ್ನು ಮುಂದೆ ಏನು ಮಾಡುವುದು ಅಂತ ನೀವೇ ತೀರ್ಮಾನಿಸಬೇಕು. ನನ್ನ ಪ್ರಕಾರ ಜನರನ್ನು ಜಾಸ್ತಿ ಕಂಗೆಡಿಸುವುದು ಇದೇ.

ಥೆರಪಿಯಲ್ಲಿ ಉಪದೇಶ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ಬೀರಿನ ಮಾತು ಒಂದೇ ಸಾಲು. ನಾನಾದರೆ ಅಲ್ಲೇ ನಿಲ್ಲುತ್ತೇನೆ. ಯಾಕೆ ತೆಗೆದಿಲ್ಲ? ‘ಟೈಮ್ ಸಿಗಲಿಲ್ಲ’ ಅನ್ನಬಹುದು. ಒಂದು ವರ್ಷದಲ್ಲಿ ಒಂದು ಗಂಟೆಯೂ ಸಿಗಲಿಲ್ವಾ ಅಂತ ಕೇಳಿ ಸುಮ್ಮನೆ ಕಾಯುತ್ತೇನೆ. ‘ಅದನ್ನು ಖಾಲಿ ಮಾಡಿದರೆ ಮುಂದಿನ ಸರದಿ ನನ್ನದು ಅನ್ನಿಸುತ್ತೆ’ ಅನ್ನೋ ಮಾತು ಬರಬಹುದು. ಅಪ್ಪನ ಮೇಲಿನ ಹಳೇ ಸಿಟ್ಟೂ ಹೊರಬರಬಹುದು. ನಿಜವಾದ ಮಾತುಕತೆ ಶುರುವಾಗುವುದು ಆಗ. ಸಾವಿನ ಭಯ ಎದುರಿಗೆ ಬಂದು ಕೂತ ಮೇಲೆ, ಉಳಿದ ವರ್ಷಗಳಿಗೆಂದು ನೀವು ಮುಂದೂಡುತ್ತಾ ಬಂದದ್ದೇನು ಅನ್ನೋದನ್ನೂ ಕೇಳಬಹುದು.

ಇದೇ ದಾರಿಯಲ್ಲಿ ಚಿಕಿತ್ಸೆ ಮಾಡುತ್ತಿದ್ದ, ನಾಜಿ ಕ್ಯಾಂಪುಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಅವರ ಬಳಿ ಒಬ್ಬ ವಯಸ್ಸಾದ ಡಾಕ್ಟರ್ ಬಂದಿದ್ದರು. ಹೆಂಡತಿ ಹೋಗಿ ಎರಡು ವರ್ಷವಾದರೂ ದುಃಖ ಇಳಿದಿರಲಿಲ್ಲ. ನೀವೇ ಮೊದಲು ಹೋಗಿದ್ದರೆ ಏನಾಗುತ್ತಿತ್ತು ಅಂತ ಫ್ರಾಂಕಲ್ ಕೇಳಿದರು. ‘ಅಯ್ಯೋ, ಅವಳು ತುಂಬಾ ನರಳುತ್ತಿದ್ದಳು’ ಅಂದರು ಡಾಕ್ಟರ್. ಆ ನರಳಾಟ ಅವರಿಗೆ ತಪ್ಪಿದೆ, ಅದಕ್ಕೆ ಬದಲಾಗಿ ನೀವು ಉಳಿದು ದುಃಖಪಡುತ್ತಿದ್ದೀರಿ ಅಂದರು ಫ್ರಾಂಕಲ್. ಡಾಕ್ಟರ್ ಮಾತಿಲ್ಲದೆ ಕೈಕುಲುಕಿ ಎದ್ದು ಹೋದರು. ಹೆಂಡತಿ ತಿರುಗಿ ಬರಲಿಲ್ಲ, ಆದರೆ ನೋವಿಗೊಂದು ಅರ್ಥ ಸಿಕ್ಕಿತು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಂದು ಎಚ್ಚರಿಕೆ. ನಿದ್ದೆ, ಊಟ ಕೆಟ್ಟರೆ, ಸಾಯುವ ಯೋಚನೆ ಬಂದರೆ ಮತ್ತೆ ಮನೋವೈದ್ಯರನ್ನು ನೋಡಿ, ಔಷಧಿ ಬೇಕಾಗಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಈ ಪದ್ಧತಿ ಬಲ್ಲವರು ನಮ್ಮಲ್ಲಿ ಕಡಿಮೆ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ, ಇದರಲ್ಲಿ ತರಬೇತಿ ಆಗಿದೆಯಾ ಅಂತ ನೇರವಾಗಿ ಕೇಳಿ. ಆನ್‌ಲೈನ್ ಆದರೂ ಪರವಾಗಿಲ್ಲ. ನಾಲ್ಕು ಸಲ ಹೋದ ಮೇಲೂ ಅವರೇ ಜಾಸ್ತಿ ಮಾತಾಡುತ್ತಿದ್ದರೆ, ಬೇರೆಯವರನ್ನು ಹುಡುಕಿ.